ಒಂದೇ ದಿನ ಇದ್ದ ಎಂಟು ಸ್ಟೂಲುಗಳು

ಅಂಗಡಿಗಳ ತಪಾಸಣಾಧಿಕಾರಿಗಳೇ,

ಮಾನ್ಯರೇ ಎಂದು ಬರೆಯೋಣವೆಂದುಕೊಂಡೆ, ಮನಸ್ಸು ಬರಲಿಲ್ಲ. ನಮ್ಮ ಬಟ್ಟೆ ಅಂಗಡಿಯಲ್ಲಿ ‘ಸಿಬ್ಬಂದಿಗೆ ಕೂರುವ ವ್ಯವಸ್ಥೆ ಇದೆ, ತೃಪ್ತಿಕರ’ ಎಂದು ವರದಿ ಬರೆದು ರುಜು ಹಾಕಿದ್ದೀರಿ. ಅದು ಹಸಿ ಸುಳ್ಳು. ಆ ಸುಳ್ಳಿನಿಂದಾಗಿ ಹದಿನಾರು ವರ್ಷ ದುಡಿದ ಹೆಂಗಸೊಬ್ಬಳು ಕೆಲಸ ಕಳೆದುಕೊಂಡು, ಕಳ್ಳಿ ಎನ್ನಿಸಿಕೊಂಡು ಮನೆ ಸೇರಿದ್ದಾಳೆ. ಈಗ ಅವಳಿಗೆ ಕೂರಲು ಬೇಕಾದಷ್ಟು ಪುರುಸೊತ್ತು, ಎಲ್ಲ ನಿಮ್ಮ ಕೃಪೆ.

ನಾನು ಎರಡನೇ ಮಹಡಿಯಲ್ಲಿ ಟವೆಲ್, ಬೆಡ್‌ಶೀಟ್ ಮಾರುವವಳು. ಬೆಳಿಗ್ಗೆ ಒಂಬತ್ತೂವರೆಗೆ ನಿಂತರೆ ಷಟರ್ ಎಳೆಯುವವರೆಗೂ ನಿಂತೇ ಇರಬೇಕು, ನಡುವೆ ಊಟಕ್ಕೆ ಇಪ್ಪತ್ತು ನಿಮಿಷ. ಗಿರಾಕಿ ಇಲ್ಲದಿದ್ದರೂ ಕೂರುವಂತಿಲ್ಲ, ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಬೇಕು. ಗೋಡೆಗೆ ಒರಗಿದರೆ ಮ್ಯಾನೇಜರ್ ಮೆಟ್ಟಿಲ ಬಳಿಯಿಂದ ಶಿಳ್ಳೆ ಹಾಕುತ್ತಾರೆ. ಅದಕ್ಕೇ ನಾವು ಅವರನ್ನು ಶಿಳ್ಳೆ ಸಾಹೇಬ್ರು ಎನ್ನುತ್ತೇವೆ. ಮನುಷ್ಯರನ್ನು ಶಿಳ್ಳೆ ಹೊಡೆದು ನಿಲ್ಲಿಸುವ ಅಂಗಡಿಯಲ್ಲಿ ತೃಪ್ತಿ ಯಾರಿಗಾಯಿತು ಸ್ವಾಮಿ, ಅವರಿಗೋ, ನಿಮಗೋ?

ನೀವು ಬರುವ ಹಿಂದಿನ ದಿನವೇ ನಿಮ್ಮ ಕಚೇರಿಯಿಂದ ಫೋನ್ ಬಂತು. ಮರುದಿನ ಬೆಳಿಗ್ಗೆ ಗೋಡೌನಿನಿಂದ ಎಂಟು ಸ್ಟೂಲ್ ಹೊರಬಂದವು, ಪ್ಲಾಸ್ಟಿಕ್ ಕವರಿನ ಸಮೇತ. “ಕವರ್ ಹರೀಬೇಡ್ರಮ್ಮ, ಹಾಗೇ ಕೂತ್ಕೊಳ್ಳಿ,” ಅಂದರು ಶಿಳ್ಳೆ ಸಾಹೇಬ್ರು. ನಮಗೆಲ್ಲ ಅರ್ಥವಾಯಿತು. ಪರದೆ ವಿಭಾಗದ ಅಕ್ಕನಿಗೆ ಮಾತ್ರ ಆಗಲಿಲ್ಲ. ನಿಂತೂ ನಿಂತೂ ಅವಳ ಕಾಲಿನ ನರಗಳು ಗಂಟುಕಟ್ಟಿ ನೀಲಿಯಾಗಿವೆ. ನೀವು ಬಂದಿರಿ, ಕಾಫಿ ಕುಡಿದಿರಿ, ಸ್ಟೂಲ್ ಎಣಿಸಿ ಹೋದಿರಿ. ನಮ್ಮಲ್ಲಿ ಒಬ್ಬಳನ್ನಾದರೂ ಒಂದು ಮಾತು ಕೇಳಿದಿರಾ? ಅಕ್ಕ ನನ್ನ ಕೈ ಹಿಡಿದು, “ನೋಡ್ದೇನೇ, ಕೊನೆಗೂ ನಮ್ ಕಷ್ಟ ಯಾರಿಗೋ ಕಾಣಿಸ್ತು ಕಣೇ!” ಅಂದಳು. ಕಣ್ಣಲ್ಲಿ ನೀರಿತ್ತು. ನಿಜ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಂದು ಮನೆಗೆ ಹೋದ ಅಕ್ಕ ಹಳೇ ಹೊದಿಕೆ ಹರಿದು ಸ್ಟೂಲಿಗೊಂದು ಮೆತ್ತೆ ಹೊಲಿದಳು. ಮರುದಿನ ಅದನ್ನು ಕಂಕುಳಲ್ಲಿಟ್ಟುಕೊಂಡು ಬಂದರೆ ಸ್ಟೂಲುಗಳೇ ಇಲ್ಲ! ಗುಡಿಸುವಾಗ ಒಳಗಿಟ್ಟು ಮರೆತಿರಬೇಕು ಎಂದುಕೊಂಡು, ತಾನೇ ಗೋಡೌನಿಗೆ ಹೋಗಿ ಒಂದನ್ನು ಹೊತ್ತು ತಂದಳು. ಕವರ್ ಹರಿದು, ಮೆತ್ತೆ ಕಟ್ಟಿ, ಕೂತೇಬಿಟ್ಟಳು.

“ಯಾರನ್ನ ಕೇಳಿ ತಗೊಂಡೆ? ಇದು ಕಳ್ಳತನ ಅಲ್ವಾ?” ಎಂದು ಸಾಹೇಬ್ರು ಗಿರಾಕಿಗಳ ಮುಂದೆಯೇ ಕೂಗಾಡಿದರು.

“ಅಯ್ಯೋ ಸಾರ್, ಕೂತ್ಕೊಳ್ಳೋಕೆ ತಾನೇ ಕೊಟ್ಟಿದ್ದು?”

ಮಧ್ಯಾಹ್ನದೊಳಗೆ ಅವಳನ್ನು ಕೆಲಸದಿಂದ ತೆಗೆದರು.

ಅವಳನ್ನು ಕರೆದುಕೊಂಡು ನಿಮ್ಮ ಕಚೇರಿಗೇ ಬಂದೆ. ಫೈಲಿನಿಂದ ತಲೆ ಎತ್ತದೆ ತಾವು ಅಪ್ಪಣೆ ಕೊಡಿಸಿದ್ದು ನೆನಪಿದೆಯೇ? “ಸ್ಟೂಲ್ ಇದೆ ಅಂತ ವರದಿಯಲ್ಲೇ ಇದೆಯಲ್ಲಮ್ಮ. ಸುಳ್ಳು ದೂರು ಕೊಟ್ರೆ ನಿಮಗೇ ತೊಂದರೆ.” ಭಲೇ! ನಿಮ್ಮ ಕಾಗದದಲ್ಲಿ ಸ್ಟೂಲ್ ಇದೆಯೆಂದರೆ ನಮ್ಮ ಕಾಲು ನೋಯುವಂತಿಲ್ಲ. ಅಂಗಡಿಯವರೂ ಈಗ ಅದೇ ವರದಿ ಹಿಡಿದುಕೊಂಡು, ಎಲ್ಲರಿಗೂ ಸ್ಟೂಲ್ ಕೊಟ್ಟಿದ್ದರೂ ಕದ್ದವಳು ಅವಳು ಎಂದು ಸಾರುತ್ತಿದ್ದಾರೆ. ಅದೇ ಬೀದಿಯ ಬೇರೆ ಅಂಗಡಿಗಳಲ್ಲಿ ಕೆಲಸ ಕೇಳಿದರೆ, “ಓ, ಸ್ಟೂಲ್ ಕದ್ದವ್ರು ನೀವೇನಾ?” ಎಂದು ನಗುತ್ತಾರೆ. ನಿಮಗೂ ನಗು ಬರುತ್ತಿದ್ದರೆ ನಕ್ಕುಬಿಡಿ.

ಸ್ಟೂಲ್ ಕೊಡಿಸಿ ಎಂದು ನಾನು ಕೇಳುತ್ತಿಲ್ಲ, ಅದು ನಿಮ್ಮ ಕೈಲಾಗುವ ಕೆಲಸವಲ್ಲ. ಆ ವರದಿಗೆ ಒಂದೇ ಒಂದು ಸಾಲು ಸೇರಿಸಿ, ‘ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿ ಹೋಗಿದ್ದೆ’ ಎಂದು. ಸ್ಟೂಲುಗಳು ನಿಮಗೆ ತೋರಿಸಲು ಬಂದವೆಂದು ಓದಿದವರಿಗೆ ಅಷ್ಟರಿಂದಲೇ ತಿಳಿಯುತ್ತದೆ. ಅದರ ಪ್ರತಿಯನ್ನು ಅಕ್ಕನ ಕೈಗೆ ಕೊಡಿ. ಕೆಲಸ ಅವಳು ಹೇಗೋ ಹುಡುಕಿಕೊಳ್ಳುತ್ತಾಳೆ. ಆದರೆ ಮೊನ್ನೆ ಅವಳ ಮಗಳು ನನ್ನನ್ನು ಬಾಗಿಲ ಹೊರಗೆ ಕರೆದು, “ಚಿಕ್ಕಮ್ಮ, ಅಮ್ಮ ನಿಜವಾಗ್ಲೂ ಕದ್ದಿದ್ಲಾ?” ಎಂದು ಕೇಳಿದಳು. ಇಲ್ಲ ಅಂದೆ. ಅವಳು ನಂಬಲಿಲ್ಲ. ನೀವು ಬರೆದುಕೊಟ್ಟರೆ ನಂಬುತ್ತಾಳೆ.

ಇಂತಿ,
ಈ ಪತ್ರ ಅಚ್ಚಾದ ಮರುದಿನ ಕೆಲಸದಲ್ಲಿರುತ್ತೇನೋ ಇಲ್ಲವೋ ತಿಳಿಯದ,
ಎರಡನೇ ಮಹಡಿಯ ಟವೆಲ್ ಮಾರುವವಳು