ಬೋಟಿನಲ್ಲಿ ಅಕ್ಕನ ಹಾಡು

ಮಲ್ಪೆ, ಭಾನುವಾರ

ತಳಕಿನ ಕೆಂಚಕ್ಕನಿಗೆ ನಮಸ್ಕಾರ.

ಅಕ್ಕಾ, ನಾನು ಚೆನ್ನಾಗಿದ್ದೇನೆ. ನಮ್ಮ ಮೀನಿನ ಬೋಟಿನಲ್ಲಿ ಸಿನಿಮಾ, ಹಾಡು ಹಾಕುತ್ತಿದ್ದ ಹಳೆಯ ಕಂಪ್ಯೂಟರ್ ಹೋದ ತಿಂಗಳು ಬ್ಯಾಟರಿಯನ್ನೆಲ್ಲ ತಿಂದುಹಾಕಿತು. ಇಂಜಿನ್ ಶುರುವಾಗದೆ ಸಂಜೆಯವರೆಗೆ ನಡುನೀರಿನಲ್ಲಿ ತೇಲಿದೆವು. ಬೋಟು ನಡೆಸುವ ತಾಂಡೇಲರು ಸಿಟ್ಟಾಗಿ ಅದನ್ನು ದಡಕ್ಕೆ ಇಳಿಸಿಬಿಟ್ಟರು.

ನಾನು ಅಂಗೈಯಗಲದ ಕಂಪ್ಯೂಟರೊಂದನ್ನು ತಂದು, ಮೀಟರ್ ಹಚ್ಚಿ ತೋರಿಸಿದೆ. "ಹಳೇದು ಎಂಬತ್ತು ವ್ಯಾಟ್ ಎಳೀತಿತ್ತು, ಇದು ಎಂಟೇ ಎಳೀತೈತೆ ನೋಡ್ರಿ" ಅಂದೆ. ಒಪ್ಪಿದರು.

ನೀನು ಕುರಿ ರೊಪ್ಪ ಗುಡಿಸುತ್ತಾ ಹಾಡಿದ್ದನ್ನು ಕದ್ದು ಮೊಬೈಲಿನಲ್ಲಿ ಹಿಡಿದಿದ್ದೆ, ಬೈಯಬೇಡ. ಮೊದಲು ಅದನ್ನೇ ಹಾಕಿದೆ. ತುಳು ಮಾತಿನ ತಾಂಡೇಲರು ಮತ್ತೆ ಮತ್ತೆ ಹಾಕಿಸಿದರು. ಆದರೆ ನನ್ನನ್ನು ಕಂಡು ನೀನು ನಡುವೆಯೇ ನಿಲ್ಲಿಸಿದ್ದೆಯಲ್ಲ, ಮುಂದಿನದು ಎಲ್ಲಿ ಎಂದು ಎಲ್ಲರೂ ಕೇಳುತ್ತಿದ್ದಾರೆ. ನಾಚಿಕೊಳ್ಳದೆ ಪೂರ್ತಿ ಹಾಡಿ ಕಳಿಸು.

ನಿನ್ನ ತಮ್ಮ,
ಪಾಲಯ್ಯ