ಗಂಡನನ್ನು ಚೀಲದೊಳಗೆ ಇಡಿ ಎಂದ ಭೋಜನಶಾಲೆಗೆ

ಜಪಾನಿನ ಸಮುದ್ರ ವಿಹಾರ ಉದ್ಯಾನವೊಂದರ ಭೋಜನ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನಗೆ ಮದುವೆಯಾಯಿತು! ದೂರಿನ ಪತ್ರದ ಮೊದಲ ವಾಕ್ಯದಲ್ಲಿ ದೂರೇ ಇರಬೇಕು ಎಂದು ನಮ್ಮ ಇಂಗ್ಲಿಷ್ ಶಾಲೆಯ ಸನ್ಯಾಸಿನಿಯರು ಹೇಳಿಕೊಟ್ಟಿದ್ದರು. ಏನು ಮಾಡಲಿ, ಈ ಸುದ್ದಿಯನ್ನು ದಾಟಿ ಮುಂದೆ ಹೋಗಲು ನನಗೆ ಇನ್ನೂ ಬರುವುದಿಲ್ಲ. ಜೀಪು ಓಡಿಸುವವರಿಗೂ ಹೇಳಿದ್ದೇನೆ, ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದುಕೊಂಡೇ ಹೇಳಿದ್ದೇನೆ. ಇರಲಿ, ಈಗ ದೂರು. ಕಳೆದ ಜೂನ್ ತಿಂಗಳಲ್ಲಿ ನಿಮ್ಮ ಭೋಜನಶಾಲೆಯು ನನ್ನ ಗಂಡನಿಂದ ಇಬ್ಬರ ಊಟದ ಹಣವನ್ನು ಫೋನಿನ ಮೂಲಕ ಪಡೆದುಕೊಂಡಿತು. ಅದೇ ಫೋನಿನ ಮೂಲಕ ಅವನು ನನ್ನೆದುರು ಕುಳಿತು ಉಣ್ಣಲು ಹೊರಟಾಗ ಎಬ್ಬಿಸಿ ಕಳಿಸಿತು.

ಇದನ್ನು ನಮ್ಮ ದ್ವೀಪದೇಶದ ಇಲೋಯಿಲೋ ಊರಿನ ಪತ್ರಿಕೆಯಲ್ಲಿ, ಎಲ್ಲರ ಕಣ್ಣೆದುರು ಬರೆಯುತ್ತಿರುವುದಕ್ಕೆ ಕ್ಷಮಿಸಿ. ನಿಮಗೇ ನೇರವಾಗಿ ಹೇಳಬೇಕೆಂದಿದ್ದೆ. ಮೇಜಿನಿಂದ ಏಳುವ ಮುನ್ನವೇ ನಿಮ್ಮ ಸಂದೇಶ ಬಂತು: ‘ಇಬ್ಬರ ಊಟ ಹೇಗಿತ್ತು?’ ಕೆಳಗೆ ಐದು ನಕ್ಷತ್ರಗಳಿದ್ದವು, ಬರೆಯಲು ಜಾಗವಿರಲಿಲ್ಲ. ಎಷ್ಟನೆಯ ನಕ್ಷತ್ರ ಒತ್ತಿದರೆ ‘ಊಟ ರುಚಿಯಾಗಿತ್ತು, ಆದರೆ ಇಬ್ಬರಲ್ಲಿ ಒಬ್ಬರನ್ನು ನೀವೇ ಕಳಿಸಿಬಿಟ್ಟಿರಿ’ ಎಂಬ ಅರ್ಥ ಬರುತ್ತದೆ? ಮಾನ್ಯರೇ, ನಾನು ಕಾಲ್ ಸೆಂಟರಿನಲ್ಲಿ ಕೆಲಸ ಮಾಡುವವಳು. ಸಾಗರದಾಚೆಯ ಅಪರಿಚಿತರ ದೂರುಗಳನ್ನು ಕೇಳಿಸಿಕೊಂಡು ‘ನಿಮಗಾದ ತೊಂದರೆ ನನಗೆ ಅರ್ಥವಾಗುತ್ತದೆ’ ಎಂದು ಹೇಳುವುದೇ ನನ್ನ ವೃತ್ತಿ. ಆದ್ದರಿಂದ ಆ ಒಂದು ವಾಕ್ಯವನ್ನು ಬಿಟ್ಟು ಬೇರೆ ಏನನ್ನಾದರೂ ಉತ್ತರವಾಗಿ ಬರೆಯಿರಿ.

ನನ್ನ ಗಂಡನ ಹೆಸರು ಡೆಲ್ಫಿನ್. ಕಾರುಗಳನ್ನು ಸಾಗಿಸುವ ದೊಡ್ಡ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ನಮ್ಮ ಊರಿನಲ್ಲಿ ಮನೆಗೊಬ್ಬರಾದರೂ ಹಡಗಿನಲ್ಲಿ ಇರುತ್ತಾರೆ, ಹಾಗಾಗಿ ಮದುವೆಯ ದಿನವನ್ನು ಪಾದ್ರಿಗಳು ಗೊತ್ತು ಮಾಡುವುದಿಲ್ಲ, ಹಡಗಿನ ಕಂಪನಿ ಗೊತ್ತು ಮಾಡುತ್ತದೆ. ಮೇ ತಿಂಗಳಲ್ಲಿ ಮದುವೆಯಾಯಿತು. ಇಡೀ ಹಂದಿಯನ್ನು ಕೆಂಡದ ಮೇಲೆ ಸುಟ್ಟು ಬೀದಿಗೆಲ್ಲ ಹಂಚಿದರು. ಆಮೇಲೆ ನಾನು ಅತ್ತೆ ಪೆರ್ಲಿತಾ ಅವರ ಮನೆಗೆ ಬಂದೆ. ಆ ಮನೆಯಲ್ಲಿ ಒಂದೇ ಒಂದು ಸಮಸ್ಯೆ, ಮಾನ್ಯರೇ: ಅಲ್ಲಿ ಯಾರೂ ಒಂಟಿಯಾಗಿ ಉಣ್ಣುವುದಿಲ್ಲ. ನಮ್ಮವರ ಅಭ್ಯಾಸವೇ ಹಾಗೆ, ಉಣ್ಣುವಾಗ ಯಾರು ಕಣ್ಣಿಗೆ ಬಿದ್ದರೂ ‘ಬನ್ನಿ, ಊಟ ಮಾಡೋಣ’ ಎಂದು ಕರೆಯಬೇಕು. ಹಾಗೆ ಕರೆದರೆ ‘ಬೇಡ, ಈಗಷ್ಟೇ ಆಯ್ತು’ ಎನ್ನುವುದು ವಾಡಿಕೆ. ಆದರೆ ಅತ್ತೆಯ ಕೈರುಚಿ ಎಂಥದ್ದೆಂದರೆ ಕರೆಂಟಿನ ಮೀಟರ್ ನೋಡಲು ಬಂದವನೂ ‘ಬೇಡ’ ಅನ್ನುವುದಿಲ್ಲ.

ಹೊಸ ಮದುಮಗಳಿಗೆ ಗಂಡನ ಜೊತೆ ಇಬ್ಬರೇ ಕೂತು ಒಂದು ಹೊತ್ತು ಉಣ್ಣುವ ಆಸೆ ಇರಬಾರದೇ? ಒಂದು ಸಂಜೆ ಕಳ್ಳರಂತೆ ಹಿತ್ತಲಿನಿಂದ ಹೊರಬಿದ್ದು ಪೇಟೆಯ ಬಾಚೊಯ್ ಅಂಗಡಿಗೆ ಹೋದೆವು. ಬಿಸಿ ಸಾರಿನ ಶಾವಿಗೆಯ ಬಟ್ಟಲು ಮುಂದೆ ಬಂದು ಕೂರಬೇಕು, ಅಷ್ಟರಲ್ಲಿ ಹಿಂದಿನ ಮೇಜಿನಿಂದ ಡೆಲ್ಫಿನನ ಚಿಕ್ಕಪ್ಪ ಕೂಗಿದರು:

“ಅಯ್ಯೋ, ಮದುಮಕ್ಕಳು! ಏ, ಮೇಜು ಈ ಕಡೆ ಎಳೀರೋ! ಏನಮ್ಮಾ, ಮನೇಲಿ ಅತ್ತೆ ಅನ್ನ ಹಾಕಲ್ವಾ?”

“ಹಾಕ್ತಾರೆ ಚಿಕ್ಕಪ್ಪಾ, ಇವಳಿಗೆ ನನ್ನ ಮುಖ ಸರಿಯಾಗಿ ನೋಡ್ಬೇಕಂತೆ” ಎಂದ ಡೆಲ್ಫಿನ್.

“ಇಷ್ಟು ಮುಖ ನೋಡೋಕೆ ಅಂಗಡಿಗೆ ಯಾಕೆ ಬರ್ಬೇಕಿತ್ತು? ಕೂತ್ಕೊಳ್ಳಿ, ಕೂತ್ಕೊಳ್ಳಿ!”

ಚಿಕ್ಕಪ್ಪನ ಸಂಸಾರವೆಲ್ಲ ನಮ್ಮ ಸುತ್ತ ಕುಳಿತಿತು. ನನಗೆ ನಗು ಬಂತು, ಅಳುವೂ ಬಂತು.

ಹಾಗಾಗಿ ನಮ್ಮ ಆಸೆಯೆಲ್ಲ ನಿಮ್ಮ ಮೇಲಿತ್ತು. ಮದುವೆಗೆ ಧರ್ಮಮಾತೆಯಾಗಿ, ಸಾಕ್ಷಿಯಾಗಿ ನಿಂತವರು ಉಡುಗೊರೆಯಾಗಿ ನಿಮ್ಮ ಉದ್ಯಾನದ ಟಿಕೆಟ್ಟುಗಳನ್ನೂ ಗಾಜಿನ ಗೋಡೆಯಾಚೆ ಮೀನುಗಳು ಈಜುವ ನಿಮ್ಮ ಊಟದ ಹಜಾರದಲ್ಲಿ ಇಬ್ಬರ ಮೇಜನ್ನೂ ಕಾದಿರಿಸಿ ಕೊಟ್ಟಿದ್ದರು. ಡೆಲ್ಫಿನ್ ಗೊಣಗಿದ:

“ವರ್ಷವಿಡೀ ಸಮುದ್ರ ನೋಡಿ ಸಾಕಾಗಿದೆ. ದುಡ್ಡು ಕೊಟ್ಟು ಮತ್ತೆ ಮೀನಿನ ಮುಖ ನೋಡ್ಬೇಕೇನೇ?”

“ಅಲ್ಲಿ ಸಮುದ್ರ ಗಾಜಿನ ಆಚೆ ಇರುತ್ತೆ ಕಣೋ” ಎಂದೆ. “ನಿನ್ನನ್ನ ಕರ್ಕೊಂಡು ಹೋಗೋಕೆ ಆಗಲ್ಲ ಅದಕ್ಕೆ.”

ಅದು ಕರೆದುಕೊಂಡು ಹೋಗಿಯೇ ಹೋಯಿತು. ಬೇರೊಬ್ಬ ನಾವಿಕನಿಗೆ ಕಾಯಿಲೆಯಾಗಿ, ಕಂಪನಿ ಡೆಲ್ಫಿನನನ್ನು ಪ್ರವಾಸಕ್ಕೆ ಮೊದಲೇ ಕರೆಯಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ವ್ಯಾನು ಬಂದು ಹಾರ್ನ್ ಹೊಡೆಯಿತು. ನಮ್ಮಲ್ಲಿ ಒಂದು ನಂಬಿಕೆ ಇದೆ, ಮಾನ್ಯರೇ. ಊಟದ ನಡುವೆ ಯಾರಾದರೂ ಪ್ರಯಾಣಕ್ಕೆ ಎದ್ದರೆ, ಉಳಿದವರು ತಮ್ಮ ತಟ್ಟೆಗಳನ್ನು ಕೂತಲ್ಲೇ ಒಂದು ಸುತ್ತು ತಿರುಗಿಸಬೇಕು. ಹಾಗೆ ಮಾಡಿದರೆ ಹೋದವರು ಕ್ಷೇಮವಾಗಿ ತಿರುಗಿ ಬರುತ್ತಾರೆ. ಸನ್ಯಾಸಿನಿಯರು ಇದನ್ನು ಮೂಢನಂಬಿಕೆ ಎಂದಿದ್ದರು, ನಾನೂ ಚಿಕ್ಕಂದಿನಿಂದ ಮೂಗು ಮುರಿದವಳೇ. ಆ ಮಧ್ಯಾಹ್ನ ಅತ್ತೆಯ ಮೇಜಿನ ಮೇಲೆ ತಟ್ಟೆಗಳೆಲ್ಲ ಗರಗರ ತಿರುಗಿದ ಸದ್ದು ಕೇಳಿ ನನ್ನ ಕೈ ತಾನಾಗಿಯೇ ತಟ್ಟೆಗೆ ಹೋಯಿತು. ನನ್ನಷ್ಟು ಜೋರಾಗಿ ಯಾರೂ ತಿರುಗಿಸಲಿಲ್ಲ. ಸಾರು ಮಡಿಲಿನ ಪಾಲಾಯಿತು.

ಉಡುಗೊರೆಯ ಟಿಕೆಟ್ಟುಗಳನ್ನು ಹಿಂದಿರುಗಿಸುವಂತಿರಲಿಲ್ಲ. ನಾನು ಹೋಗುವುದಿಲ್ಲ ಎಂದು ಕೂತೆ. ಅತ್ತೆಯೇ ಚೀಲ ತುಂಬಿಸಿದರು.

“ಹೋಗು ಮಗಳೇ. ಫೋನ್ ಇದೆಯಲ್ಲ, ಅವನನ್ನೂ ಕರ್ಕೊಂಡು ಹೋಗು. ಇಲ್ಲಿದ್ರೆ ನಾವೆಲ್ಲ ಇಣುಕಿ ನೋಡ್ತೀವಿ. ಅಲ್ಲಾದ್ರೆ ಇಬ್ಬರೇ ಇರಬಹುದು.”

ಹೀಗೆ ನಾನು ಗಂಡನನ್ನು ಅಂಗೈಯಲ್ಲಿ ಹಿಡಿದುಕೊಂಡು ಮಧುಚಂದ್ರಕ್ಕೆ ಬಂದೆ. ಅವನ ಹಡಗು ಅಂದು ಸಿಂಗಾಪುರದ ಹೊರಗೆ ಲಂಗರು ಹಾಕಿತ್ತು. ದಡದ ಸಿಗ್ನಲ್ ಸಿಗುವುದು ಸಂಜೆಯವರೆಗೆ ಮಾತ್ರ. ಆಮೇಲೆ ಆಫ್ರಿಕಾದ ಕಡೆ ವಾರಗಟ್ಟಲೆ ಪಯಣ. ನಡುನೀರಿನಲ್ಲಿ ಆ ಹಡಗಿನಿಂದ ಅಕ್ಷರಗಳು ಬರುತ್ತವೆ, ಮುಖ ಬರುವುದಿಲ್ಲ.

ನಿಮ್ಮ ಬಾಗಿಲಲ್ಲೇ ಫೋನು ಬೇಕಾಯಿತು. ಎಷ್ಟು ಜನ ಎಂದು ಪರದೆ ಕೇಳಿತು, ‘ಇಬ್ಬರು’ ಎಂದು ಒತ್ತಿದೆ. ಅದು ಆಕ್ಷೇಪಿಸಲಿಲ್ಲ. ಊಟದ ಪಟ್ಟಿ ಫೋನಿನಲ್ಲಿತ್ತು, ತಿಮಿಂಗಿಲದ ಆಕಾರದ ಅನ್ನ ಎರಡು ಹೇಳಿದೆ. ಹಣವೂ ಫೋನಿನಲ್ಲೇ. ಲಕೋಟೆಯಲ್ಲಿ ನಿಮ್ಮ ದೇಶದ ನೋಟುಗಳನ್ನೇ ತಂದಿದ್ದೆ, ಮುಟ್ಟುವವರಿರಲಿಲ್ಲ. ನನ್ನ ಕಾರ್ಡನ್ನು ನಿಮ್ಮ ಯಂತ್ರ ಒಪ್ಪಲಿಲ್ಲ. ಕೊನೆಗೆ ಹಣ ಕಟ್ಟುವ ಲಿಂಕನ್ನು ಡೆಲ್ಫಿನನಿಗೆ ಕಳಿಸಿದೆ. ಅವನು ಹಡಗಿನಲ್ಲಿ ಕೂತು ತನ್ನ ಕಾರ್ಡಿನಿಂದ ಪಾವತಿ ಮಾಡಿದ. ಕ್ಷಣಾರ್ಧದಲ್ಲಿ ನಿಮ್ಮ ಪರದೆ ಹೇಳಿತು: ‘ಸುಸ್ವಾಗತ, ಡೆಲ್ಫಿನ್ ಅವರೇ!’ ನೆನಪಿರಲಿ, ಮಾನ್ಯರೇ. ಅವನ ಹೆಸರು ಹಿಡಿದು ಸ್ವಾಗತಿಸಿದವರು ನೀವು.

ತಟ್ಟೆಗಳು ಬಂದವು. ನೀರಿನ ಹೂಜಿಗೆ ಫೋನನ್ನು ಒರಗಿಸಿ ಎದುರು ಕುರ್ಚಿಯ ಕಡೆ ಇಟ್ಟೆ. ಅಕ್ಕಪಕ್ಕದವರಿಗೆ ತೊಂದರೆಯಾಗದಿರಲೆಂದು ಅವನ ದನಿಯನ್ನು ಕಿವಿಗೆ ಸಿಕ್ಕಿಸಿಕೊಂಡೆ. ಅಲ್ಲಿ ಹಡಗಿನ ಊಟದ ಕೋಣೆಯಲ್ಲಿ ಅವನ ಮುಂದೆ ಅನ್ನ, ಸಾರು ಮತ್ತು ಹುರಿದ ಮೀನು. ಸುತ್ತ ಅವನ ಜೊತೆಗಾರರ ತಲೆಗಳು.

“ನೋಡ್ರೋ, ಮದುಮಗ ತಲೆ ಬಾಚ್ಕೊಂಡಿದ್ದಾನೆ!”

“ಲೋ, ಹೆಂಡ್ತಿ ಎದುರಿಗೆ ಸೊರ್ ಅಂತ ಸಾರು ಕುಡೀಬೇಡ್ವೋ, ನಿನ್ನನ್ನ ನಿಮ್ಮಮ್ಮಂಗೆ ವಾಪಸ್ ಕೊಟ್ಬಿಡ್ತಾಳೆ!”

ಆಗ ಹಡಗಿನ ಅಡುಗೆಯ ಹಿರಿಯರು ಸೌಟು ಹಿಡಿದು ಬಂದರು. “ಎಲ್ಲ ಏಳ್ರೋ, ಡೆಕ್ಕಿಗೆ ಹೋಗಿ ಊಟ ಮಾಡ್ರಿ. ಇವತ್ತು ಇದು ಇಬ್ಬರ ಮೇಜು.” ಅಷ್ಟು ಜನ ತಟ್ಟೆ ಎತ್ತಿಕೊಂಡು ಬಿಸಿಲಿಗೆ ನಡೆದರು, ಮಾನ್ಯರೇ. ಎಂಜಿನ್ನಿನ ಬಿಸಿಯಿಂದ ಬಂದವರು ತಣ್ಣನೆಯ ಕೋಣೆ ಬಿಟ್ಟುಕೊಟ್ಟು ಹೊರಗೆ ಹೋದರು. ಬಾಗಿಲು ಮುಚ್ಚಿತು. ಮೊಟ್ಟಮೊದಲ ಬಾರಿಗೆ ನಾನು ಮತ್ತು ನನ್ನ ಗಂಡ, ಇಬ್ಬರೇ.

“ಹೇಳೇ” ಎಂದ.

“ನೀನು ಹೇಳು” ಎಂದೆ. ಇಬ್ಬರೂ ನಗುತ್ತಾ ಒಂದೆರಡು ತುತ್ತು ತಿಂದೆವು.

ಅಷ್ಟರಲ್ಲಿ ನಿಮ್ಮ ಸಿಬ್ಬಂದಿಯ ಹೆಂಗಸೊಬ್ಬರು ಬಂದು ಬಾಗಿ ನಮಸ್ಕರಿಸಿದರು. ನನ್ನ ಭಾಷೆ ಅವರಿಗೆ ಬಾರದು, ಅವರದು ನನಗೆ ಬಾರದು. ‘ಇವರು ನನ್ನ ಗಂಡ’ ಎಂದು ಮದುವೆಯ ಉಂಗುರ ತೋರಿಸಿ ಪರಿಚಯ ಮಾಡಿಸಿದೆ. ಅವರು ತಮ್ಮ ಫೋನು ತೆಗೆದು ಅದರ ಕಿವಿಯಲ್ಲಿ ಏನೋ ಹೇಳಿದರು. ಫೋನು ಅನುವಾದಿಸಿ ಗಟ್ಟಿಯಾಗಿ ನುಡಿಯಿತು: “ಗೌರವಾನ್ವಿತ ಅತಿಥಿಗಳೇ, ಊಟದ ವೇಳೆ ಫೋನಿನಲ್ಲಿ ಮಾತನಾಡುವುದನ್ನು ನಿಷೇಧಿಸಲಾಗಿದೆ. ದಯವಿಟ್ಟು ನಿಮ್ಮ ಗಂಡನನ್ನು ಚೀಲದೊಳಗೆ ಇಡಿ.”

ಫೋನಿನಲ್ಲಿ ಮಾತನಾಡಬಾರದು ಎಂದು ನನಗೆ ಹೇಳಿದ್ದೂ ಒಂದು ಫೋನು!

ನಾನು ಸುತ್ತ ನೋಡಿದೆ. ಎಡಕ್ಕೊಂದು ಸಂಸಾರ, ನಾಲ್ಕು ಜನಕ್ಕೆ ನಾಲ್ಕು ಫೋನು, ಒಬ್ಬರ ಮುಖವನ್ನು ಇನ್ನೊಬ್ಬರು ನೋಡುತ್ತಿರಲಿಲ್ಲ. ಅವರನ್ನು ಯಾರೂ ಮಾತಾಡಿಸಲಿಲ್ಲ. ಬಲಕ್ಕೆ ಇಬ್ಬರು ತಿಮಿಂಗಿಲದ ಅನ್ನ ತಣ್ಣಗಾಗುವವರೆಗೂ ಅದರ ಚಿತ್ರ ತೆಗೆದರು. ಅವರನ್ನೂ ಮಾತಾಡಿಸಲಿಲ್ಲ. ಮೌನವೇ ನಿಮ್ಮ ನಿಯಮವಾದರೆ ತಟ್ಟೆ ತರುವ ನಿಮ್ಮ ಯಂತ್ರ ಹಾಡು ಹೇಳುತ್ತಾ ಬರುವುದೇಕೆ? ಎಲ್ಲ ಮೂಲೆಗಳಿಂದ ತಿಮಿಂಗಿಲದ ಕೂಗು ಕೇಳಿಸುವುದೇಕೆ? ತಿಮಿಂಗಿಲಕ್ಕಿರುವ ಹಕ್ಕು ಡೆಲ್ಫಿನನಿಗಿಲ್ಲವೇ? ಫೋನು ಹಣ ಎಣಿಸಬಹುದು, ಆಟ ಆಡಬಹುದು, ಅನ್ನದ ಚಿತ್ರ ತೆಗೆಯಬಹುದು. ಅದು ಹುಟ್ಟಿದ್ದು ಯಾವ ಕೆಲಸಕ್ಕೋ ಆ ಒಂದು ಕೆಲಸ, ದೂರದಲ್ಲಿರುವವರನ್ನು ಹತ್ತಿರ ತರುವುದು, ಅದೊಂದೇ ಶಿಷ್ಟಾಚಾರಕ್ಕೆ ವಿರುದ್ಧವೇ?

ಡೆಲ್ಫಿನನಿಗೆ ಎಲ್ಲ ಅರ್ಥವಾಗಿತ್ತು. “ಜಗಳ ಆಡ್ಬೇಡ ಕಣೇ. ಪಾಪ, ಅವರ ಕೆಲಸ ಅದು. ಹೊಟ್ಟೆ ತುಂಬಾ ತಿನ್ನು, ನನ್ನ ಪಾಲಿಂದೂ ತಿನ್ನು” ಎಂದು ನಕ್ಕು, ಪರದೆಯನ್ನು ತಾನೇ ಮುಚ್ಚಿದ.

ಊಟದ ನಡುವೆ ಅವನು ಎದ್ದು ಹೋದ, ಮಾನ್ಯರೇ. ಮುಂದೆ ಅವನಿಗೆ ಇಡೀ ಸಾಗರವಿತ್ತು. ನನ್ನ ಕೈ ತಟ್ಟೆಗೆ ಹೋಯಿತು. ತಟ್ಟೆ ಅಲುಗಲಿಲ್ಲ. ತಿಮಿಂಗಿಲದ ಆಕಾರದ ತಟ್ಟೆ, ಮೇಜಿನಲ್ಲಿ ಅದೇ ಆಕಾರದ ಕುಳಿ. ಎಷ್ಟು ಚಂದದ ಏರ್ಪಾಡು! ತಿರುಗಿಸಲೆಂದು ಮೇಲಕ್ಕೆತ್ತಿದೆ. ಮೇಜಿನ ಅಂಚಿನಲ್ಲಿ ದೀಪ ಹತ್ತಿತು, ಊಟ ಮುಗಿಯಿತೆಂದು ತಿಳಿದ ಯಂತ್ರ ಹಾಡುತ್ತಾ ಬಂದು ನಿಂತಿತು. ನಾನು ಎರಡೂ ತಟ್ಟೆಗಳನ್ನು ಅಪ್ಪಿ ಹಿಡಿದುಕೊಂಡು, ಅಷ್ಟು ಜನರ ನಡುವೆ, ಬಿಕ್ಕಿ ಬಿಕ್ಕಿ ಅತ್ತೆ. ಯಾರೂ ತಲೆ ಎತ್ತಿ ನೋಡಲಿಲ್ಲ. ನಮ್ಮೂರಿನಲ್ಲಾಗಿದ್ದರೆ ಇಡೀ ಅಂಗಡಿ ಎದ್ದು ಬಂದು ‘ಯಾಕಮ್ಮಾ, ಏನಾಯ್ತು’ ಎಂದು ಪ್ರಾಣ ತಿನ್ನುತ್ತಿತ್ತು. ಆ ಕಾಟಕ್ಕೆ ಅಂದು ಎಷ್ಟು ಹಂಬಲಿಸಿದೆನೋ ನಿಮಗೆ ಹೇಳಲಾರೆ.

ಬಂದವರು ಅದೇ ಹೆಂಗಸು. “ಏನು ಬೇಕು?” ಎಂದು ಅವರ ಫೋನು ಕೇಳಿತು. “ಗಂಡ ಹೊರಟ, ತಟ್ಟೆ ತಿರುಗಿಸಬೇಕು” ಎಂದೆ. ಅದು ಅವರಿಗೆ ಏನೆಂದು ಅನುವಾದಿಸಿತೋ. ಅವರು ಒಳಗೆ ಹೋಗಿ ಬಿಳಿಯ, ದುಂಡಗಿನ, ಅಂಚು ಮುಕ್ಕಾದ ತಟ್ಟೆಯೊಂದನ್ನು ತಂದು ನನ್ನ ಮುಂದಿಟ್ಟರು. ಬಹುಶಃ ಅವರೇ ಉಣ್ಣುವ ತಟ್ಟೆ. ನಾನು ತಿರುಗಿಸಿದೆ. ಅವರು ಎದುರಿನ ಖಾಲಿ ಕುರ್ಚಿಗೆ ಬಾಗಿ ನಮಸ್ಕರಿಸಿದರು. ನಿಯಮ ಮೀರಿ ತಟ್ಟೆ ತಂದುದಕ್ಕೆ ಅವರನ್ನು ದಂಡಿಸಿದಿರೋ ಜೋಕೆ!

ಈಗ ಬೇಡಿಕೆ. ಡಿಸೆಂಬರಿನಲ್ಲಿ ಡೆಲ್ಫಿನನ ಹಡಗು ನಿಮ್ಮೂರಿನ ಬಂದರಿಗೇ ಬರುತ್ತಿದೆ! ನಿಮ್ಮ ಹಜಾರದ ಹೊರಗೆ ನಿಂತರೆ ಆ ಬಂದರಿನ ಕ್ರೇನುಗಳು ಕಾಣುತ್ತವೆ. ಅವನಿಗೆ ಕೆಲವು ಗಂಟೆ ದಡಕ್ಕಿಳಿಯಲು ಅನುಮತಿ ಸಿಗಬಹುದು, ಸಿಗದೆಯೂ ಹೋಗಬಹುದು. ಇಳಿಯಲಾಗದಿದ್ದರೆ ಹಡಗನ್ನು ಕಣ್ಣಿನಿಂದ ನೋಡುತ್ತಾ, ಗಂಡನನ್ನು ಫೋನಿನಲ್ಲಿ ನೋಡುತ್ತಾ ಉಣ್ಣುವ ಭಾಗ್ಯ ನನ್ನದು. ಇಬ್ಬರ ಮೇಜು ಕಾದಿರಿಸಿದ್ದೇನೆ, ಹಣವನ್ನೂ ಅವನೇ ಕಟ್ಟಿದ್ದಾನೆ, ನಿಮ್ಮ ಪರದೆ ಮತ್ತೆ ಅವನಿಗೆ ಸುಸ್ವಾಗತ ಹೇಳಿದೆ. ಆ ಮಾತಿಗೆ ನೀವು ಬದ್ಧರಾಗಬೇಕು. ಅವನು ಕಾಲಿನಲ್ಲಿ ನಡೆದು ಬಂದರೂ ಫೋನಿನಲ್ಲಿ ಬಂದರೂ ಅತಿಥಿಯೆಂದೇ ಎಣಿಸಬೇಕು. ಗಟ್ಟಿಯಾಗಿ ಮಾತಾಡುವವರನ್ನು ಗದರಿಸಿ, ಪಿಸುಮಾತಿನವರನ್ನು ಬಿಡಿ. ಮತ್ತು ದಯವಿಟ್ಟು, ಎರಡು ದುಂಡಗಿನ ತಟ್ಟೆಗಳಿರಲಿ. ಹೇಗೆ ಬಂದರೂ ಅವನು ಮತ್ತೆ ಹೊರಡುವವನೇ.

ಡಿಸೆಂಬರ್ ಹದಿಮೂರು, ಶನಿವಾರ, ವಿಮಾನ ನಿಲ್ದಾಣದಿಂದ ಬೆಳಗ್ಗೆ ಒಂಬತ್ತೂಕಾಲಕ್ಕೆ ಹೊರಡುವ ಕರಾವಳಿಯ ರೈಲಿನಲ್ಲಿ ಬರುತ್ತೇನೆ. ಆ ರೈಲಿನಲ್ಲೂ ಫೋನಿನಲ್ಲಿ ಮಾತಾಡುವಂತಿಲ್ಲವಂತೆ. ಆಗಲಿ, ಮಾತೆಲ್ಲವನ್ನೂ ನಿಮ್ಮ ಮೇಜಿಗೆಂದೇ ಉಳಿಸಿಕೊಂಡು ಬರುತ್ತೇನೆ.

ಇಂತಿ,
ಇಬ್ಬರ ಊಟವನ್ನು ಒಬ್ಬಳೇ ಉಂಡು ಎದ್ದ ಹೊಸ ಮದುಮಗಳು,
ಜೂವೆಲಿನ್