ಮುಂದೆ ಬರುವವರು ತೀರಿಸುತ್ತಾರಂತೆ

ಕಾಕಾ,

ನೀವಿಲ್ಲದೆ ಈ ಸಲದ ಬಜೆಟ್ ಅಧಿವೇಶನವೂ ಮುಗಿಯಿತು. ಕೊರತೆಯ ಬಗ್ಗೆ ಮಾತಾಡಲು ಎದ್ದವನು ನಾನೊಬ್ಬನೇ, ಅದೂ ಆಳುವ ಪಕ್ಷದ ಬೆಂಚಿನಿಂದ. ನಗಬೇಡಿ. ಈ ಚಟ ಹಚ್ಚಿದವರು ನೀವೇ.

ನೀವು ಶಾಸಕರಾಗಿದ್ದಾಗ ನನ್ನನ್ನು ವಿಧಾನಸಭೆ ತೋರಿಸಲು ಕರೆದೊಯ್ದ ದಿನ ನೆನಪಿದೆಯೇ? ಹೊರಬಂದ ಮೇಲೆ ಇರಾನಿ ಹೋಟೆಲಿನಲ್ಲಿ ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತ ಹೇಳಿದಿರಿ: "ಸಾಲ ಮಾಡೂದು ಪಾಪ ಅಲ್ಲೋ ತಮ್ಮಾ. ಹಳೇ ಸಾಲದ ಬಡ್ಡಿ ಕಟ್ಟಾಕ ಹೊಸಾ ಸಾಲ ಮಾಡಾಕತ್ತಾರಲ್ಲ, ಅದು ಕೆಟ್ಟದ್ದು. ಹಿಂಗಾದ್ರ ಮುಂದ ಬರೋ ಮಂದಿಗೆ ಸಾಲಿ, ದವಾಖಾನಿ ಏನೂ ಉಳಿಯಂಗಿಲ್ಲ." ಅದನ್ನೇ ನಾನು ಈ ತೆಲುಗು ರಾಜ್ಯದ ಸಭೆಗೆ ತೆಲುಗಿನಲ್ಲಿ ಹೇಳಿದೆ. ಅರ್ಧ ಜನ ಕ್ಯಾಂಟೀನಿನಲ್ಲಿದ್ದರು, ಉಳಿದವರು ಫೋನು ನೋಡುತ್ತಿದ್ದರು. ಕೋಣನ ಮುಂದೆ ಕಿನ್ನರಿ ಎಂದು ಸುಮ್ಮನಾಗಬಹುದಿತ್ತು. ಆದರೆ ಅವರಿಗೆ ಎಲ್ಲ ಗೊತ್ತು ಕಾಕಾ, ನನಗಿಂತ ಚೆನ್ನಾಗಿ ಗೊತ್ತು. ನನಗೆ ಸಿಟ್ಟು ಬರುವುದು ಅದಕ್ಕೇ.

ಅವತ್ತು ಮೊಗಸಾಲೆಯಲ್ಲಿ ಹಣಕಾಸು ಮಂತ್ರಿಗಳು ಹೆಗಲ ಮೇಲೆ ಕೈಹಾಕಿದರು. "ಬಾಗಾ ಚೆಪ್ಪಾರು ಅಣ್ಣಾ" ಚೆನ್ನಾಗಿ ಹೇಳಿದಿರಿ ಎಂದು ಹೊಗಳಿದರು. ಆಮೇಲೆ ಮೆಲ್ಲಗೆ ಕೇಳಿದರು, ಹಾಗಾದರೆ ಯಾವ ಯೋಜನೆ ನಿಲ್ಲಿಸಲಿ, ನಿಮ್ಮ ಕ್ಷೇತ್ರದಿಂದಲೇ ಶುರು ಮಾಡಲೇ ಎಂದು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಈ ಸಾಲ ತೀರಿಸುವವರು ಯಾರು ಎಂದಷ್ಟೇ ನಾನು ಕೇಳಿದೆ. ಮುಂದೆ ಬರುವವರು ಎಂದು ನಕ್ಕು ಹೋದರು.

ಆ ಭಾನುವಾರ ಕೂಲಿಕಾರರ ಕಾಲೊನಿಯಲ್ಲಿ ಇದೇ ಮಾತು ತೆಗೆದೆ. ನಿಮಗೆ ಗೊತ್ತಲ್ಲ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರೇ ಅಲ್ಲಿ ಹೆಚ್ಚು. ಮಲ್ಲಮ್ಮ ಅನ್ನುವಾಕೆ ಎದ್ದು ನಿಂತಳು. ಅವಳ ಸೊಸೆಗೆ ಆಸ್ಪತ್ರೆ ಸೇರುವ ಮೊದಲೇ ಆಟೋದಲ್ಲಿ ಹೆರಿಗೆಯಾಗಿ, ಕೂಸು... "ಸಾಹೇಬ್ರ, ಸರಕಾರದ ಲೆಕ್ಕಾ ನಮಗ್ಯಾಕ್ರಿ? ಹಡಿಯಾಕ ಒಂದು ಜಾಗಾ ಕೇಳೀವಿ, ಅಷ್ಟ" ಎಂದಳು. ಕೊರತೆಯ ಮಾತನ್ನು ಅಲ್ಲಿಗೇ ಬಿಟ್ಟೆ.

ನೀವು ಕೊನೆಯ ತನಕ ಅರ್ಜಿ ಹಿಡಿದು ಅಲೆದ ಆ ಕಾಲೊನಿಯ ದವಾಖಾನೆ ಈಗ ಮಂಜೂರಾಗಿದೆ, ಕಾಕಾ. ಯಾವುದೋ ನಿಗಮದ ಹೆಸರಿನಲ್ಲಿ ಸಾಲ, ಬಜೆಟ್ಟಿನಲ್ಲಿ ಕಾಣುವುದೂ ಇಲ್ಲ. ಅಸಲು ಕಟ್ಟುವ ಹೊತ್ತಿಗೆ ನಾನೂ ಇರುವುದಿಲ್ಲ, ಮಂತ್ರಿಗಳೂ ಇರುವುದಿಲ್ಲ. ಅದಕ್ಕೆ ಬದಲಾಗಿ ನಾನು ಇನ್ನು ಕೊರತೆಯ ಬಗ್ಗೆ ಬಾಯಿ ಬಿಡಬಾರದು ಎಂದು ಮಂತ್ರಿಗಳು ಷರತ್ತು ಹಾಕಿದರು. ಆಗಲಿ ಎಂದೆ. ಮಲ್ಲಮ್ಮನನ್ನು ನೆನೆದೇ ಒಪ್ಪಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ತಿಳಿಯಿತು, ಕಟ್ಟಡಕ್ಕೆ ಮಾತ್ರ ದುಡ್ಡಂತೆ. ಡಾಕ್ಟರು, ನರ್ಸುಗಳ ಹುದ್ದೆಗೆ ಹಣಕಾಸು ಇಲಾಖೆಯ ಒಪ್ಪಿಗೆಯಿಲ್ಲ. ಸಂಬಳಕ್ಕೆ ಇರಬೇಕಾದದ್ದು ಬಡ್ಡಿಗೆ ಹೋಗುತ್ತಿದೆ. ಮಲ್ಲಮ್ಮನಿಗೆ ಇದನ್ನು ಯಾವ ಮುಖ ಇಟ್ಟುಕೊಂಡು ಹೇಳಲಿ?

ನಿನ್ನೆ ತಾರ್ನಾಕದ ಮನೆಗೆ ಹೋದಾಗ ಕಾಕಿ ಅಡಿಗಲ್ಲಿನ ಸಮಾರಂಭಕ್ಕೆಂದು ಸೀರೆ ಆರಿಸಿಡುತ್ತಿದ್ದಳು. ದವಾಖಾನೆಗೆ ನಿಮ್ಮ ಹೆಸರಿಟ್ಟಿದ್ದಾರೆ, ಕಾಕಾ. ಓಣಿಯವರಿಗೆಲ್ಲ ಹೇಳಿ ಬಂದಿದ್ದಾಳೆ. ನೀವು ಹೋದ ಮೇಲೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಅವರು ಇದ್ದಿದ್ರ ಭಾಳ ಖುಷಿ ಪಡ್ತಿದ್ರು, ಹೌದಿಲ್ಲೋ?" ಎಂದು ಕೇಳಿದಳು.

"ಹೌದು ಕಾಕಿ" ಎಂದೆ. ಅಡಿಗಲ್ಲಿಡುವ ದಿನ ಮೈಕಿನಲ್ಲೂ ಅದನ್ನೇ ಹೇಳುತ್ತೇನೆ.

ನಿಮ್ಮ 'ತಮ್ಮಾ'